ಮೂಲೆ ಸೇರಿದ ಗಿಟಾರ್‌ಗೆ ಮತ್ತೆ ಕೈ ಹಚ್ಚುವುದು ಹೇಗೆ

ನುಡಿಸುವ ಹುಮ್ಮಸ್ಸು ಇಳಿದಾಗ ಬಹಳ ಮಂದಿ ಹೊಸ ಹಾಡು ಹುಡುಕುತ್ತಾರೆ, ಇಲ್ಲವೇ ಹೊಸ ಗಿಟಾರ್‌ನ ಬೆಲೆ ವಿಚಾರಿಸುತ್ತಾರೆ. ಎರಡೂ ಬೇಡ. ಒತ್ತಿದ ಸ್ವರ ಚೊಕ್ಕ ಬರುತ್ತಿಲ್ಲ, ಬೆರಳು ನೋಯುತ್ತದೆ, ಲಯ ಕೈಗೆ ಸಿಗುತ್ತಿಲ್ಲ: ಬೇಸರದ ಬೇರು ಸಾಮಾನ್ಯವಾಗಿ ಇಲ್ಲೇ ಇರುತ್ತದೆ.

ಮೊದಲು ವಾದ್ಯ ನೋಡಿ. ರಾಯಚೂರು, ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಕಟ್ಟಿಗೆ ಒಣಗಿ ಕುಗ್ಗುತ್ತದೆ. ಅಕೌಸ್ಟಿಕ್ ಗಿಟಾರ್‌ನ ಮುಂದಿನ ಹಲಗೆ ತಗ್ಗಿ, ತಂತಿ ಕೆಳಗಿಳಿದು, ನೆಕ್ ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಯಾದ ಫ್ರೆಟ್‌ಗೆ ತಾಕಿ ಜರ್ರೆನ್ನುತ್ತದೆ. ಫ್ರೆಟ್‌ಗಳ ತುದಿ ನೆಕ್‌ನ ಅಂಚಿನಿಂದ ಹೊರಬಂದು ಕೈಗೆ ಚುಚ್ಚುತ್ತದೆ. ಮಳೆಗಾಲದಲ್ಲಿ ಇದರ ಉಲ್ಟಾ: ಹಲಗೆ ಉಬ್ಬಿ ತಂತಿ ಮೇಲೇರುತ್ತದೆ, ಒತ್ತಲು ಹೆಚ್ಚು ಬಲ ಬೇಕಾಗುತ್ತದೆ. 12ನೇ ಫ್ರೆಟ್ ಮೇಲೆ ಸ್ಕೇಲ್ ನಿಲ್ಲಿಸಿ ಅಳೆಯಿರಿ. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ದಪ್ಪ ತಂತಿ ಫ್ರೆಟ್‌ನಿಂದ ಸುಮಾರು 2.5 ಮಿ.ಮೀ., ತೆಳು ತಂತಿ ಸುಮಾರು 2 ಮಿ.ಮೀ. ಎತ್ತರದಲ್ಲಿರಬೇಕು. 3.5 ದಾಟಿದ್ದರೆ ತಪ್ಪು ನಿಮ್ಮ ಬೆರಳಿನದಲ್ಲ. ರಿಪೇರಿಯವರ ಹತ್ತಿರ ಒಯ್ಯಿರಿ. ಬಿಸಿಲು ಕಾಯುವ ಗೋಡೆಗೆ ಗಿಟಾರ್ ತೂಗುಹಾಕಬೇಡಿ, ಕೂಲರ್ ಗಾಳಿಗೆ ಎದುರಾಗಿ ಇಡಬೇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಬಿಡಲೇಬೇಡಿ, ಹಲಗೆಯ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಹಿಡಿದಿರುವ ಅಂಟೇ ಮೆತ್ತಗಾಗುತ್ತದೆ. ಸಂಡೂರು ಕಡೆಯ ಕೆಂಪು ಧೂಳು ಬೆವರಿಗೆ ಸೇರಿದರೆ ತಂತಿ ಬೇಗ ಮಂಕಾಗುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಒರೆಸಿ. ತುಕ್ಕು ಕಂಡರೆ ಆರೂ ತಂತಿ ಬದಲಿಸಿ.

ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡಿ. ಸ್ವರ ಏರಿಹೋಗಿದ್ದರೆ ಬೇಕಾದ ಸ್ವರಕ್ಕಿಂತ ಕೊಂಚ ಕೆಳಗಿಳಿಸಿ, ಬಿಗಿಸುತ್ತಲೇ ಮೇಲೆ ತನ್ನಿ. ಸಡಿಲಿಸುತ್ತ ನಿಲ್ಲಿಸಿದರೆ ತಂತಿ ಬಿಗಿಸುವ ಕಿವಿಯ (ಕೀಲಿಯ) ಹಲ್ಲುಗಳಲ್ಲಿ ಉಳಿದ ಸಡಿಲ ಆಮೇಲೆ ಜಾರಿ ಶ್ರುತಿ ಇಳಿಯುತ್ತದೆ.

ಈಗ ಒಂದೇ ಸ್ವರ. ಯಾವುದಾದರೂ ತಂತಿಯನ್ನು 5ನೇ ಫ್ರೆಟ್‌ನ ಹಿಂದೆ, ಲೋಹಕ್ಕೆ ಅಂಟಿದಂತೆ, ಬೆರಳ ತುದಿಯಿಂದ ಹಗುರವಾಗಿ ಮುಟ್ಟಿ ಮೀಟಿ. ಬರೀ ಟಕ್ ಎನ್ನುತ್ತದೆ. ಸ್ವಲ್ಪ ಸ್ವಲ್ಪವೇ ಒತ್ತುತ್ತ ಹೋಗಿ. ಸ್ವರ ಶುದ್ಧವಾದ ಕ್ಷಣದಲ್ಲಿ ಎಷ್ಟು ಬಲವಿತ್ತೋ ಅಷ್ಟೇ ಸಾಕು, ಅದಕ್ಕಿಂತ ಹೆಚ್ಚಿನದು ವ್ಯರ್ಥ. ಹಲವರು ಇದರ ದುಪ್ಪಟ್ಟು ಒತ್ತಿ, ಹೆಬ್ಬೆರಳಿನಿಂದ ನೆಕ್ ಹಿಂಡಿ, ಹತ್ತೇ ನಿಮಿಷಕ್ಕೆ ದಣಿಯುತ್ತಾರೆ. ಬಿಟ್ಟು ತಿಂಗಳುಗಳಾಗಿದ್ದರೆ ಬೆರಳ ತುದಿ ಕೆಲದಿನ ಉರಿಯುತ್ತದೆ, ಅದು ಸಹಜ. ಮಣಿಕಟ್ಟು ನೋಯುವುದು ಸಹಜವಲ್ಲ. ಅಂದಿಗೆ ನಿಲ್ಲಿಸಿ, ಮಣಿಕಟ್ಟು ನೆಟ್ಟಗಾಗುವಂತೆ ಗಿಟಾರ್‌ನ ಕುತ್ತಿಗೆ ಕೊಂಚ ಮೇಲೆತ್ತಿ ಕೂರಿ.

ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಲ್ಲಿ) ಎ ಮೈನರ್ ಮತ್ತು ಸಿ ಮಾತ್ರ ತೆಗೆದುಕೊಳ್ಳಿ. ತೋರುಬೆರಳು, ನಡುಬೆರಳು ಇದ್ದಲ್ಲೇ ಇರುತ್ತವೆ. ತೆಳು ತಂತಿಯಿಂದ ಎಣಿಸಿದರೆ, ಉಂಗುರ ಬೆರಳೊಂದೇ 3ನೇ ತಂತಿಯ 2ನೇ ಫ್ರೆಟ್‌ನಿಂದ 5ನೇ ತಂತಿಯ 3ನೇ ಫ್ರೆಟ್‌ಗೆ ಹೋಗುತ್ತದೆ. ಉಳಿದೆರಡನ್ನು ಎತ್ತುವ ಚಟವೇ ಇಲ್ಲಿ ತಡ ಮಾಡಿಸುವುದು. ಲಯ ಬಡಿಯುವ ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತಕ್ಕಿಟ್ಟು, ನಾಲ್ಕು ಬಡಿತಕ್ಕೊಮ್ಮೆ ಬದಲಿಸಿ. ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತುವ ಎಫ್ ಬಾರ್ ಕಾರ್ಡ್ ಸದ್ಯಕ್ಕೆ ಬಿಡಿ.

ಹಿಂದುಸ್ತಾನಿ ಹಾಡಿಕೆ, ಸಿದ್ಧರಾಮ ಜಂಬಲದಿನ್ನಿಯವರಂಥವರ ವಚನ ಗಾಯನ ಕೇಳಿದ ರಾಯಚೂರು, ಬಳ್ಳಾರಿ ಸೀಮೆಯ ಕಿವಿಗೆ ಇನ್ನೊಂದು ಸಾಧನೆ ತುಂಬ ಒಗ್ಗುತ್ತದೆ: ಒಂದೇ ತಂತಿಯ ಮೇಲೆ ಭೂಪ ರಾಗ. 2ನೇ ತಂತಿಯಲ್ಲಿ 1, 3, 5, 8, 10, 13ನೇ ಫ್ರೆಟ್‌ಗಳು ಸ ರಿ ಗ ಪ ಧ ಸಾ ಆಗುತ್ತವೆ. ಪ್ರತಿ ಸ್ವರವನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ಮೀಟಿ. ಫ್ರೆಟ್ ಎಣಿಸುವುದು ತಪ್ಪಿ ಕಿವಿಯೇ ಕೈಯನ್ನು ಕರೆದೊಯ್ಯಲು ಶುರುವಾದಾಗ ನುಡಿಸುವ ಆಸೆ ತಾನಾಗಿ ಮರಳುತ್ತದೆ.

ದಿನಕ್ಕೆ 20 ನಿಮಿಷ ಸಾಕು. ಭಾನುವಾರ ಎರಡು ತಾಸು ಕೂರುವುದಕ್ಕಿಂತ ಇದೇ ಮೇಲು. ಎರಡು ವಾರದ ಮೇಲೆ, ಅರ್ಧಕ್ಕೆ ಬಿಟ್ಟ ಹಾಡಿನ ಒಂದು ಸಾಲನ್ನಷ್ಟೇ ಅದರ ಅರ್ಧ ವೇಗದಲ್ಲಿ ನುಡಿಸಿ. ಸತತ ಮೂರು ಸಲ ತಪ್ಪಿಲ್ಲದೆ ಬಂದರೆ ಮೆಟ್ರೊನೋಮ್ 5 ಏರಿಸಿ, ತಪ್ಪಿದರೆ 10 ಇಳಿಸಿ.