ಮಂಡ್ಯದಿಂದ ಕ್ಯಾಲಿಕಟ್‌ಗೆ ಒಂದು ಲೋಡು: ಡೀಸೆಲ್ ಲೆಕ್ಕ, ದಿನದ ಲೆಕ್ಕ

ಬಾಡಿಗೆ ಒಪ್ಪಿಕೊಳ್ಳುವ ಮೊದಲು ನನ್ನ ಬಳಿ ಎರಡು ಸಂಖ್ಯೆ ಸಿದ್ಧ ಇರುತ್ತೆ. ಗಾಡಿ ಒಂದು ಕಿಲೋಮೀಟರ್ ಓಡಿದರೆ ಎಷ್ಟು ಖರ್ಚು, ಓಡದೆ ಒಂದು ದಿನ ನಿಂತರೆ ಎಷ್ಟು ಖರ್ಚು. ಮೊದಲನೆಯದನ್ನು ಲಾರಿ ಇಟ್ಟವರೆಲ್ಲ ಒಂದಿಷ್ಟು ಹೇಳಬಲ್ಲರು. ಎರಡನೆಯದನ್ನು ಬರೆದಿಟ್ಟವರು ಕಡಿಮೆ. ಸಣ್ಣ ಮಾಲೀಕರ ದುಡ್ಡು ಹೆಚ್ಚಾಗಿ ಸೋರುವುದು ಅಲ್ಲೇ.

ನನ್ನದು ಹತ್ತು ಚಕ್ರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ, ಆರ್‌ಸಿಯಲ್ಲಿ ಒಟ್ಟು ತೂಕ 28.5 ಟನ್, 18 ಟನ್ ಲೋಡು ಹಾಕುತ್ತೇನೆ. ಮಂಡ್ಯ ಮಾರುಕಟ್ಟೆಯಿಂದ ಬೆಲ್ಲ, ಇಲ್ಲವೇ ಅಕ್ಕಿ, ಕೇರಳದ ಕಡೆಗೆ. ಕೆಳಗಿನ ಮೊತ್ತಗಳ ಜಾಗದಲ್ಲಿ ನಿಮ್ಮ ಗಾಡಿಯದನ್ನು ಹಾಕಿಕೊಳ್ಳಿ. ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.

ನಿಂತ ದಿನದ ಖರ್ಚು ಮೊದಲು. ಕಂತು ತಿಂಗಳಿಗೆ 55,000. ಇನ್ಶೂರೆನ್ಸ್, ರೋಡ್ ಟ್ಯಾಕ್ಸ್, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲವನ್ನೂ ವರ್ಷಕ್ಕೆ ಕೂಡಿ ಹನ್ನೆರಡರಿಂದ ಭಾಗಿಸಿದರೆ 10,500. ಒಟ್ಟು 65,500. ತಿಂಗಳಿಗೆ 26 ದಿನ ದುಡಿಮೆ ಅಂದರೆ ದಿನಕ್ಕೆ ಸುಮಾರು 2,500. ಇದರ ಮೇಲೆ ನನ್ನ ಸಂಬಳ ದಿನಕ್ಕೆ 1,500 ಸೇರಿಸುತ್ತೇನೆ. ತಾನೇ ಓಡಿಸುವ ಮಾಲೀಕ ಸಂಬಳ ಹಾಕಿಕೊಳ್ಳದಿದ್ದರೆ ಗಾಡಿ ಲಾಭ ಮಾಡುತ್ತಿದೆಯೋ, ಅವನ ಕೂಲಿಯನ್ನೇ ತಿನ್ನುತ್ತಿದೆಯೋ ಗೊತ್ತಾಗುವುದೇ ಇಲ್ಲ. ಅಲ್ಲಿಗೆ ನನ್ನ ಒಂದು ದಿನದ ಬೆಲೆ 4,000 ರೂಪಾಯಿ.

ಓಡುವ ಖರ್ಚಲ್ಲಿ ಡೀಸೆಲ್ ಬಿಟ್ಟು ಉಳಿದದ್ದು: ಹತ್ತು ಟೈರು, ಒಂದಕ್ಕೆ 22,000, ಒಮ್ಮೆ ರೀಟ್ರೆಡ್ (ಸವೆದ ಟೈರಿಗೆ ಹೊಸ ರಬ್ಬರ್ ಹಾಕಿಸುವುದು) ಸೇರಿ 80,000 ಕಿಲೋಮೀಟರ್ ಬಾಳಿಕೆ ಹಿಡಿದರೆ ಕಿಲೋಮೀಟರಿಗೆ 2.75. ಆಯಿಲ್, ಫಿಲ್ಟರ್, ಗ್ರೀಸು, ಬ್ರೇಕ್ ಲೈನರ್, ಸಣ್ಣಪುಟ್ಟ ರಿಪೇರಿಗೆ ಇನ್ನೊಂದು 2.75. ಒಟ್ಟು 5.50. ಟ್ರಿಪ್ ಮುಗಿದ ಕೂಡಲೇ ಈ ದುಡ್ಡನ್ನು ಬೇರೆ ಖಾತೆಗೆ ಹಾಕಬೇಕು. ಟೈರ್ ಸವೆದ ದಿನ ಸಾಲ ಹುಡುಕುವವರ ಲಾಭವೆಲ್ಲ ಬಡ್ಡಿಗೆ ಹೋಗುತ್ತೆ.

ಇನ್ನು ಡೀಸೆಲ್. ಮೀಟರ್ ಬೋರ್ಡಿನಲ್ಲಿ ಬರುವ ಮೈಲೇಜನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಅಳೆಯುತ್ತೇನೆ. ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಗಾಡಿ ಸಮ ನೆಲದಲ್ಲಿ. ನಾಜಲ್ ತಾನಾಗಿ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಬೇಕು. ಹುಡುಗ ಗಾಡಿ ಅಲ್ಲಾಡಿಸಿ ಇನ್ನೆರಡು ಲೀಟರ್ ತುಂಬಿಸಿದರೆ ಆ ಅಳತೆ ಕೆಟ್ಟಿತು. ಲೋಡಿನ ಮೈಲೇಜು, ಖಾಲಿ ಮೈಲೇಜು ಬೇರೆ ಬೇರೆ ಬರೆಯಬೇಕು, ಪಕ್ಕದಲ್ಲಿ ಎಷ್ಟು ಟನ್, ಯಾವ ರಸ್ತೆ ಅಂತಲೂ ಇರಬೇಕು. ಎರಡನ್ನೂ ಕಲಸಿ ಸರಾಸರಿ ಹೇಳಿದರೆ ಗಾಡಿಯಲ್ಲಿ ತೊಂದರೆ ಶುರುವಾದದ್ದು ತಿಂಗಳಾದರೂ ಕಾಣುವುದಿಲ್ಲ.

ಈಗ ಟ್ರಿಪ್. ಮಂಡ್ಯದಿಂದ ಮೈಸೂರು, ನಂಜನಗೂಡು, ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ಮೇಲೆ ಕ್ಯಾಲಿಕಟ್‌ಗೆ ಸುಮಾರು 255 ಕಿಲೋಮೀಟರ್. ಲೋಡಿನಲ್ಲಿ 4.2 ಮೈಲೇಜಿಗೆ 61 ಲೀಟರ್, ಖಾಲಿ ವಾಪಸಿಗೆ 5.2ರಂತೆ 49 ಲೀಟರ್. 110 ಲೀಟರ್, 91 ರೂಪಾಯಿ ಹಿಡಿದರೆ 10,010. ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ, ಡೀಸೆಲ್‌ನ ನೂರಕ್ಕೆ ನಾಲ್ಕು ಭಾಗ ಅಂದರೆ 4.4 ಲೀಟರ್, 264 ರೂಪಾಯಿ. ಟೋಲ್ 1,800, ಬ್ರೋಕರ್ ಕಮಿಷನ್ನು ಮತ್ತು ಇತರೆ 1,500. 510 ಕಿಲೋಮೀಟರಿಗೆ 5.50ರಂತೆ 2,805. ಎರಡು ದಿನಕ್ಕೆ 8,000. ಒಟ್ಟು 24,379. ಟನ್ನಿಗೆ 1,400ರಂತೆ 18 ಟನ್ನಿಗೆ ಬಾಡಿಗೆ 25,200. ಉಳಿಯುವುದು 821 ರೂಪಾಯಿ.

ಈ 821ನ್ನು ಎದುರಿಗಿಟ್ಟುಕೊಂಡು ನೋಡಿ. ಮೈಲೇಜು ಎರಡೂ ಕಡೆ 0.3 ಏರಿಸಿದರೆ ಏಳು ಲೀಟರ್, 637 ರೂಪಾಯಿ ಉಳಿಯುತ್ತೆ. ಲಾಭ ಹತ್ತಿರ ಹತ್ತಿರ ದುಪ್ಪಟ್ಟು. ಆದರೆ ಅಲ್ಲಿ ಅನ್‌ಲೋಡ್ ಒಂದು ದಿನ ತಡವಾದರೆ 4,000 ಹೋಯಿತು. ಆರು ಟ್ರಿಪ್ಪಿನ ಡೀಸೆಲ್ ಉಳಿತಾಯ ಒಂದೇ ದಿನಕ್ಕೆ ಕರಗಿತು. ಆದ್ದರಿಂದ ಹಾಲ್ಟಿಂಗ್ (ಗಾಡಿ ಕಾಯಿಸಿದ್ದಕ್ಕೆ ಕೊಡುವ ದುಡ್ಡು) ಮಾತನ್ನು ಲೋಡು ಹಾಕುವ ಮೊದಲೇ ಆಡಿ, ಎಲ್‌ಆರ್ (ಲೋಡಿನ ರಸೀದಿ) ಮೇಲೆ ಬರೆಸಿಕೊಳ್ಳುತ್ತೇನೆ: ತಲುಪಿ 24 ಗಂಟೆ ಕಳೆದರೆ ದಿನಕ್ಕೆ ಇಷ್ಟು ಅಂತ. ತಲುಪಿದ ಸಮಯದ ಫೋಟೋವನ್ನು ಪಾರ್ಟಿಗೂ ಬ್ರೋಕರ್‌ಗೂ ವಾಟ್ಸಾಪ್ ಮಾಡುತ್ತೇನೆ. ಆಮೇಲೆ ವಾದಕ್ಕೆ ಜಾಗ ಇರುವುದಿಲ್ಲ.

ರಿಟರ್ನ್ ಲೋಡಿಗೂ ಇದೇ ತಕ್ಕಡಿ. ಖಾಲಿ ಬರುವುದು ದಂಡ ಅಂತ ಎಷ್ಟೋ ಜನ ಅಲ್ಲೇ ಕಾಯುತ್ತಾರೆ. ವಯನಾಡ್ ಘಾಟಿ ಲೋಡಿನಲ್ಲಿ ಹತ್ತಬೇಕು, ಮೈಲೇಜು 3.6ಕ್ಕೆ ಇಳಿಯುತ್ತೆ. 49 ಲೀಟರ್ ಬದಲು 71 ಬೇಕು. 22 ಲೀಟರ್ ಹೆಚ್ಚು, ಯೂರಿಯಾ ಸೇರಿ 2,050 ರೂಪಾಯಿ. ಒಂದು ದಿನ ಕಾದರೆ ಅದರ ಮೇಲೆ 4,000. ಅಂದರೆ ಕಾದು ಹಿಡಿದ 6,000 ರೂಪಾಯಿ ಲೋಡಿನಲ್ಲಿ ಕೈಗೆ ಏನೂ ಸಿಗುವುದಿಲ್ಲ, ಟೈರ್ ಮಾತ್ರ ಸವೆಯುತ್ತೆ. ಅದೇ ದಿನ ಸಿಕ್ಕರೆ 4,000ದ ಲೋಡನ್ನೂ ತಗೊಳ್ಳುತ್ತೇನೆ. ಮರುದಿನಕ್ಕೆ ಅಂದರೆ 8,000ಕ್ಕಿಂತ ಕಡಿಮೆಗೆ ನಿಲ್ಲುವುದಿಲ್ಲ.

ಈ ದಾರಿಯಲ್ಲಿ ದಿನ ಕಳೆದುಹೋಗುವ ಮುಖ್ಯ ಜಾಗ ಬಂಡೀಪುರ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. ಮಂಡ್ಯದಲ್ಲಿ ಸಂಜೆ ಐದಕ್ಕೆ ಲೋಡಾಗಿ, ಟಾರ್ಪಲ್ ಕಟ್ಟಿ, ವೇಬ್ರಿಡ್ಜ್ ಮುಗಿಸಿ ಹೊರಟರೆ ಮೈಸೂರಿನ ಟ್ರಾಫಿಕ್ ದಾಟಿ ಒಂಬತ್ತರೊಳಗೆ ಗೇಟ್ ಹಿಡಿಯುವುದು ಕಷ್ಟ. ಹಿಡಿಯಬೇಕು ಅಂತ ಲೋಡ್ ಗಾಡಿಯನ್ನು ಎಪ್ಪತ್ತರಲ್ಲಿ ಓಡಿಸುವುದು ಡೀಸೆಲ್ಲಿಗೂ ಜೀವಕ್ಕೂ ಹಾನಿ. ನಾನು ಸಂಜೆ ಲೋಡು ಮಾಡಿಸಿ ಮಂಡ್ಯದಲ್ಲೇ ಮಲಗಿ, ಮಧ್ಯರಾತ್ರಿ ಕಳೆದ ಮೇಲೆ ಹೊರಟು ಆರಕ್ಕೆ ಗೇಟಿನಲ್ಲಿರುತ್ತೇನೆ. ರಸ್ತೆ ಖಾಲಿ, ಐವತ್ತೈದರಲ್ಲಿ ಸಮನಾಗಿ ಸಾಗಬಹುದು. ಬಂಡೀಪುರದ ಬದಲಿಗೆ ಕೊಡಗಿನ ಕುಟ್ಟ ಕಡೆಯ ರಸ್ತೆ ರಾತ್ರಿ ತೆರೆದಿದ್ದರೂ ಸುತ್ತು, ತಿರುವು ಜಾಸ್ತಿ. ಮಳೆಗಾಲದಲ್ಲಿ ಕೊಡಗಿನಲ್ಲಿ ಭಾರೀ ವಾಹನಕ್ಕೆ ನಿರ್ಬಂಧವೂ ಬೀಳುತ್ತೆ.

ಮೈಲೇಜು ಬೀಳುವುದಕ್ಕೆ ಎಲ್ಲರೂ ಮೊದಲು ಇಂಜೆಕ್ಟರ್ ಮೇಲೆ ಅನುಮಾನ ಪಡುತ್ತಾರೆ. ನಾನು ಮೊದಲು ಚಕ್ರ ನೋಡುತ್ತೇನೆ. ಹೊರಡುವ ಮೊದಲು, ಟೈರ್ ತಣ್ಣಗಿರುವಾಗ, ಗೇಜಿನಲ್ಲಿ ಗಾಳಿ ನೋಡಬೇಕು. ಸುತ್ತಿಗೆಯಲ್ಲಿ ತಟ್ಟಿ ನೋಡಿದರೆ ಪೂರ್ತಿ ಇಳಿದ ಟೈರ್ ಮಾತ್ರ ಸಿಗುತ್ತೆ, ಹದಿನೈದು ಪೌಂಡ್ ಕಡಿಮೆ ಇರುವುದು ಸಿಗುವುದಿಲ್ಲ. ಟೈರ್ ಕಂಪನಿಯ ಚಾರ್ಟಿನಲ್ಲಿ ಆ ಲೋಡಿಗೆ ಎಷ್ಟಿದೆಯೋ ಅಷ್ಟು. ಹಿಂದಿನ ಜೋಡಿಯಲ್ಲಿ ಒಳಗಿನ ಟೈರ್ ಯಾವಾಗಲೂ ಅನಾಥ, ಅದಕ್ಕೆ ಉದ್ದನೆಯ ವಾಲ್ವ್ ಹಾಕಿಸಿದರೆ ನೋಡಲು ಬೇಸರ ಬರುವುದಿಲ್ಲ. ಜೋಡಿಗೆ ಒಂದು ಹೊಸದು, ಒಂದು ಸವೆದದ್ದು ಹಾಕಬೇಡಿ. ಸಣ್ಣದು ಉಜ್ಜಿಕೊಂಡು ಓಡುತ್ತೆ, ಎರಡೂ ಹಾಳಾಗುತ್ತೆ.

ಆಮೇಲೆ ಬ್ರೇಕ್ ಹಿಡಿತ. ಬ್ರೇಕ್ ಹೆಚ್ಚು ಬಳಸದೆ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಅಂಗೈ ಹಿಂಭಾಗವನ್ನು ಪ್ರತಿ ಡ್ರಮ್ಮಿನ ಹತ್ತಿರ ಹಿಡಿಯಬೇಕು, ಮುಟ್ಟಬಾರದು. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಹೊಡೆದರೆ ಆ ಚಕ್ರದ ಲೈನರ್ ಹಿಡಿದುಕೊಂಡೇ ಓಡುತ್ತಿದೆ. ಸ್ಲ್ಯಾಕ್ ಅಡ್ಜಸ್ಟರ್ (ಲೈನರ್, ಡ್ರಮ್ ನಡುವಿನ ಸಂದು ಹೊಂದಿಸುವ ಭಾಗ) ಬಿಗಿಯಾಗಿರಬಹುದು, ರಿಟರ್ನ್ ಸ್ಪ್ರಿಂಗ್ ಸೋತಿರಬಹುದು, ಕ್ಯಾಮ್ ಬುಷ್‌ಗೆ ಗ್ರೀಸು ಇಲ್ಲದಿರಬಹುದು. ಜಾಕ್ ಕೊಟ್ಟು ಕೈಯಲ್ಲಿ ತಿರುಗಿಸಿದರೆ ತಿಳಿಯುತ್ತೆ. ಲೈನರ್ ಹೊಸದಾಗಿ ಹಾಕಿಸಿದ ವಾರದಲ್ಲಿ ಇದು ಹೆಚ್ಚು. ಚಕ್ರಗಳೆಲ್ಲ ಸರಿ ಇದ್ದರೆ ಮಾತ್ರ ಏರ್ ಫಿಲ್ಟರ್, ಡೀಸೆಲ್ ಫಿಲ್ಟರಿನ ನೀರು, ಟರ್ಬೋ ಹೋಸಿನ ಸೀಳು ನೋಡುತ್ತೇನೆ.

ವಯನಾಡ್ ಘಾಟಿಯಲ್ಲಿ ಲಕ್ಕಿಡಿಯಿಂದ ಅಡಿವಾರಕ್ಕೆ ಇಳಿಯುವಾಗ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುತ್ತೇವೆ ಅನ್ನುವವರು ಇನ್ನೂ ಇದ್ದಾರೆ. ಈಗಿನ ಕಾಮನ್ ರೈಲ್ ಇಂಜಿನ್ನು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಸಿಂಪಡಣೆಯನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್ ಮಾಡಿದರೆ ಐಡಲ್‌ಗೆ ಡೀಸೆಲ್ ಕುಡಿಯುತ್ತೆ. ಒಂಬತ್ತು ಹೇರ್‌ಪಿನ್‌ನಲ್ಲಿ 18 ಟನ್ ಹೊತ್ತು ಬರೀ ಬ್ರೇಕ್ ಮೇಲೆ ಇಳಿದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದಿಲ್ಲ. ಕೆಳಗಿನ ಗೇರು, ಎಕ್ಸಾಸ್ಟ್ ಬ್ರೇಕ್, ಅಷ್ಟೇ.

ಡೀಸೆಲ್ ಕೇರಳದಲ್ಲಿ ದುಬಾರಿ, ಹಾಗಾಗಿ ಹೋಗಿಬರುವಷ್ಟನ್ನೂ ನಮ್ಮ ಕಡೆಯೇ ತುಂಬಿಸುತ್ತೇನೆ. ಗೊತ್ತಿಲ್ಲದ ಬಂಕಿನಲ್ಲಿ ಐದು ಲೀಟರ್ ಅಳತೆಯ ಕ್ಯಾನಿನಲ್ಲಿ ಹಿಡಿದು ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ. ಡೆನ್ಸಿಟಿಯನ್ನೂ ಕೇಳಬಹುದು, ಅವರ ದಾಖಲೆಗೂ ಪರೀಕ್ಷೆಗೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲಿ ಹಾಕಿಸಬೇಡಿ.

ರೇಟ್ ಏರಿದಾಗ ಬ್ರೋಕರ್ ಹತ್ತಿರ ಬರೀ ಗೋಳು ಹೇಳಿಕೊಂಡರೆ ನಡೆಯುವುದಿಲ್ಲ, ಲೆಕ್ಕ ಮುಂದಿಡಬೇಕು. 110 ಲೀಟರ್ ಟ್ರಿಪ್ಪಿಗೆ ಲೀಟರಿಗೆ ಒಂದು ರೂಪಾಯಿ ಏರಿದರೆ 110 ರೂಪಾಯಿ, ಟನ್ನಿಗೆ ಆರು. ಕಾಯಂ ಪಾರ್ಟಿ ಜೊತೆ ಇದನ್ನೇ ಒಪ್ಪಂದ ಮಾಡಿಕೊಳ್ಳಬಹುದು: ಇಂದಿನ ರೇಟಿನ ಮೇಲೆ ರೂಪಾಯಿಗೆ ಆರು, ಇಳಿದರೆ ಅಷ್ಟೇ ಕಡಿತ. ಇಳಿದಾಗಲೂ ಬಿಡುತ್ತೇವೆ ಅಂದರೆ ಏರಿದಾಗ ಅವರೂ ಕೊಡುತ್ತಾರೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವರು ಪ್ಯಾನ್ ಜೊತೆ ಘೋಷಣೆ ಪತ್ರ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುವ ಹಾಗಿಲ್ಲ. ಅದನ್ನು ಮೊದಲ ಲೋಡಿನಲ್ಲೇ ಕೊಟ್ಟುಬಿಡಿ. ಅಡ್ವಾನ್ಸು ಕನಿಷ್ಠ ಡೀಸೆಲ್, ಟೋಲ್ ಎರಡಕ್ಕೂ ಸಾಲುವಷ್ಟಿರಬೇಕು, ಅಂದರೆ ಈ ಟ್ರಿಪ್ಪಿಗೆ 12,000. ಅದಕ್ಕಿಂತ ಕಡಿಮೆಗೆ ಹೊರಟರೆ ಪಾರ್ಟಿಗೆ ನಾವೇ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆ.