ಭಾರದ ಶೀಟು ಟೇಬಲ್ ಹತ್ತಿಸಲು ಟ್ರಾಲಿಯ ಎತ್ತರವೇ ಮುಖ್ಯ

2500 × 1250 ಮಿ.ಮೀ. ಅಳತೆಯ, 6 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಉಕ್ಕು) ಶೀಟು ಸುಮಾರು 147 ಕೆ.ಜಿ. ತೂಗುತ್ತದೆ. ಇಬ್ಬರು ಎತ್ತಿ ಎಳೆದರೆ ಶೀಟಿನ ಅಂಚು ಕಟಿಂಗ್ ಟೇಬಲ್‌ನ ಸ್ಲ್ಯಾಟ್‌ಗಳಿಗೆ (ಶೀಟನ್ನು ಹೊರುವ ಉಕ್ಕಿನ ಪಟ್ಟಿಗಳಿಗೆ) ಸಿಕ್ಕಿ ಅವು ವಾಲುತ್ತವೆ. ಆಮೇಲೆ ಶೀಟು ಸಮನಾಗಿ ಕೂರುವುದಿಲ್ಲ, ಶೀಟು ಕತ್ತರಿಸುವ ಪ್ಲಾಸ್ಮಾ ಟಾರ್ಚ್‌ನ ಎತ್ತರವೂ ತಪ್ಪುತ್ತದೆ.

ಕ್ರೇನ್ ಇಲ್ಲದ ನಮ್ಮ ವರ್ಕ್‌ಶಾಪಿನಲ್ಲಿ ಇದಕ್ಕೆ ಪರಿಹಾರವಾದದ್ದು ಒಂದು ಟ್ರಾಲಿ. ಶೀಟನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ, ಹಿಂದಕ್ಕೆ ತುಸು ಒರಗಿಸಿ ತರುತ್ತೇವೆ. ಟೇಬಲ್ 800 ಮಿ.ಮೀ., ಟ್ರಾಲಿಯ ತಳ 300 ಮಿ.ಮೀ. ಎತ್ತರ. ಹಾಗಾಗಿ ನಿಂತ ಶೀಟಿನ ನಡುಮಧ್ಯ ಸುಮಾರು 925 ಮಿ.ಮೀ.ಗೆ, ಅಂದರೆ ಟೇಬಲ್ ಅಂಚಿಗಿಂತ ಮೇಲೆ ಬರುತ್ತದೆ. ಮೇಲ್ಭಾಗವನ್ನು ಟೇಬಲ್ ಕಡೆ ತಳ್ಳಿದರೆ ಅದು ತಾನೇ ಮಗುಚಿಕೊಳ್ಳುತ್ತದೆ. ತಳ ತೀರಾ ಕೆಳಗಿದ್ದು ನಡುಮಧ್ಯ ಟೇಬಲ್ ಅಂಚಿಗಿಂತ ಕೆಳಗೆ ಬಂದರೆ ಶೀಟು ತಾನೇ ಮಗುಚದು, ಕೈಯಿಂದ ಎತ್ತಬೇಕಾಗುತ್ತದೆ. ಮಗುಚುವ ಮೊದಲು ಟ್ರಾಲಿಯ ಚಕ್ರಗಳನ್ನು ಲಾಕ್ ಮಾಡಲೇಬೇಕು; ಕೆಳಗಿನ ಅಂಚನ್ನು ಇಬ್ಬರು ಹಿಡಿದು ನಿಧಾನಕ್ಕೆ ಏಳಲು ಬಿಡಬೇಕು. ಶೀಟು ಬೀಳುವ ಕಡೆ ಯಾರೂ ನಿಲ್ಲಬಾರದು.

ಟೇಬಲ್ ಅಂಚಿಗೆ ಬೇರಿಂಗ್ ಹಾಕಿದ ಪೈಪ್ ರೋಲರ್ ಕೂರಿಸಿ. ಸ್ಲ್ಯಾಟ್‌ಗಳ ನಡುವೆ, ಅವುಗಳಿಗಿಂತ 15 ಮಿ.ಮೀ. ಮೇಲೆ ಬರುವಂತೆ, ಬಾಲ್ ಯೂನಿಟ್‌ಗಳ (ಎಲ್ಲ ದಿಕ್ಕಿಗೂ ತಿರುಗುವ ಗುಂಡು ಕೂರಿಸಿದ ಬಟ್ಟಲುಗಳ) ಮೂರು ಸಾಲು ಹಾಕಿ, ಸಾಲಿಗೆ ನಾಲ್ಕು. ಒಟ್ಟು ತೂಕವನ್ನು ಹನ್ನೆರಡರಿಂದ ಭಾಗಿಸಿ ಯೂನಿಟ್ ಆರಿಸಬೇಡಿ: ಶೀಟು ಒಳಗೆ ಸರಿಯುವಾಗ ಒಂದೇ ಸಾಲು ಹೆಚ್ಚುಕಡಿಮೆ ಪೂರ್ತಿ ಭಾರ ಹೊರಬಹುದು. ಆಗ ಬಾಲಿಗೆ 37 ಕೆ.ಜಿ.; 60 ಕೆ.ಜಿ. ಹೊರಬಲ್ಲದ್ದು ಹಾಕಿದರೆ ನಿಶ್ಚಿಂತೆ.

ಶೀಟು ಜಾಗಕ್ಕೆ ಬಂದ ಮೇಲೆ ಮೂರೂ ಸಾಲು ಒಟ್ಟಿಗೆ ಇಳಿಯಬೇಕು. ಅದಕ್ಕೆ ಸಾಲುಗಳನ್ನು ಏರಿಸಿ ಇಳಿಸುವ ಕ್ಯಾಮ್‌ಗಳನ್ನು (ನಡು ತಪ್ಪಿ ತಿರುಗುವ ಬಿಲ್ಲೆಗಳನ್ನು) ಒಂದೇ ರಾಡಿಗೆ ಜೋಡಿಸಿ. ಕಟಿಂಗ್ ವೇಳೆ ಬಾಲ್‌ಗಳ ಮೇಲೆ ತಗಡಿನ ಮುಚ್ಚಳ ಇರಲಿ, ಇಲ್ಲವಾದರೆ ಕರಗಿದ ಲೋಹದ ಕಿಟ್ಟ ಸೇರಿ ಬಾಲ್ ತಿರುಗುವುದಿಲ್ಲ.