ರೆಟಿನಾ ಆಪರೇಷನ್ ಆಯ್ತು, ಮನೆಗೆ ಬಂದಮೇಲೆ ಏನು ಮಾಡಬೇಕು?

ಆರು ವರ್ಷದಲ್ಲಿ ನಮ್ಮ ಬಳಗದ ಮೂವರಿಗೆ ಕಣ್ಣಿನ ರೆಟಿನಾ ಕಳಚಿ ಆಪರೇಷನ್ ಆಯಿತು. ಮೊದಲು ಅಪ್ಪನಿಗೆ, ಆಮೇಲೆ ಹೊಳಲ್ಕೆರೆಯ ಸೋದರಮಾವನಿಗೆ, ಹೋದ ವರ್ಷ ಇಲ್ಲೇ ದಾವಣಗೆರೆಯ ನಮ್ಮ ಪಕ್ಕದ ಮನೆಯ ಅಕ್ಕನಿಗೆ. ಮೂವರ ಆಪರೇಷನ್ನೂ ಚೆನ್ನಾಗಿಯೇ ಆಗಿತ್ತು. ಎಡವಿದ್ದು ಆಸ್ಪತ್ರೆ ಬಿಟ್ಟ ಮೇಲೆ.

ಅಪ್ಪನ ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು ಇತ್ತು. ಏಳು ದಿನ ಬೋರಲು ಮಲಗಬೇಕು ಅಂತ. ಯಾಕೆ, ಹೇಗೆ, ದಿನಕ್ಕೆ ಎಷ್ಟು ಹೊತ್ತು ಅಂತ ಯಾರೂ ಹೇಳಲಿಲ್ಲ. ಅಪ್ಪ ಹೊಟ್ಟೆ ಮೇಲೆ ಮಲಗಿದರು, ದಿಂಬಿಗೆ ಕೆನ್ನೆ ಕೊಟ್ಟು, ಮುಖ ಗೋಡೆ ಕಡೆ ಮಾಡಿ. ನಾವೆಲ್ಲ ಅದನ್ನೇ ಬೋರಲು ಅಂದುಕೊಂಡೆವು. ಮೈ ಬೋರಲಿದ್ದರೆ ಸಾಲದು, ಮುಖ ಬೋರಲಿರಬೇಕು ಅಂತ ಗೊತ್ತಾಗಿದ್ದು ಮೂರನೇ ದಿನದ ಚೆಕಪ್‌ನಲ್ಲಿ. ಆ ಮೂರು ದಿನ ಇನ್ನೊಬ್ಬರ ಮನೆಯಲ್ಲಿ ಹಾಗೆ ಕಳೆಯಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಆಸ್ಪತ್ರೆ ಬಿಡುವ ಮೊದಲು ಕೇಳಿ

ರೆಟಿನಾ ಅಂದರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡ ತೆಳು ಪರದೆ. ಅದರಲ್ಲಿ ತೂತು ಬಿದ್ದರೆ ಒಳಗಿನ ನೀರು ಹಿಂದಕ್ಕೆ ನುಗ್ಗುತ್ತದೆ. ಮಳೆಗಾಲದಲ್ಲಿ ಗೋಡೆಯ ಸುಣ್ಣ ಏಳುವ ಹಾಗೆ ಪರದೆ ಬಿಟ್ಟುಕೊಳ್ಳುತ್ತದೆ. ಡಾಕ್ಟರು ಲೇಸರ್‌ನಿಂದಲೋ ತಂಪು ಕೊಟ್ಟೋ ತೂತಿನ ಸುತ್ತ ಬೆಸುಗೆ ಹಾಕುತ್ತಾರೆ. ಆ ಬೆಸುಗೆ ಗಟ್ಟಿಯಾಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯವರೆಗೆ ಪರದೆಯನ್ನು ಗೋಡೆಗೆ ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ಇಲ್ಲವೇ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಕೆಲವರಿಗೆ ಕಣ್ಣಿನ ಹೊರಗಡೆ ಸುತ್ತ ಬೆಲ್ಟ್ ಕಟ್ಟುತ್ತಾರೆ.

ನಿಮಗೆ ಯಾವುದು ಹಾಕಿದ್ದಾರೆ ಅಂತ ಕೇಳಿ, ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ. ಎಸ್‌ಎಫ್6 ಗ್ಯಾಸ್ ಸುಮಾರು ಎರಡು ವಾರ ಇರುತ್ತದೆ. ಸಿ3ಎಫ್8 ಆದರೆ ಆರರಿಂದ ಎಂಟು ವಾರ. ಎಣ್ಣೆ ತಾನಾಗಿ ಹೋಗುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಇನ್ನೊಂದು ಆಪರೇಷನ್ ಮಾಡಿ ತೆಗೆಯುತ್ತಾರೆ. ಅದನ್ನು ಮರೆತು ಕೂರಬೇಡಿ.

ಎರಡನೇ ಪ್ರಶ್ನೆ: ತಲೆ ಯಾವ ಕಡೆ ಇರಬೇಕು, ಎಷ್ಟು ದಿನ? ಎಲ್ಲರಿಗೂ ಬೋರಲು ಅಲ್ಲ. ತೂತು ಮೇಲ್ಭಾಗದಲ್ಲಿದ್ದರೆ ನೇರ ಕೂತರೆ ಸಾಕಾಗಬಹುದು, ಪಕ್ಕದಲ್ಲಿದ್ದರೆ ಒಂದು ಮಗ್ಗುಲಿಗೆ. ಅಪ್ಪನಿಗೆ ಹೇಳಿದ್ದು ನಿಮಗೂ ಸರಿ ಅಂದುಕೊಳ್ಳಬೇಡಿ.

ಇಲ್ಲಿ ಒಂದು ಮಾತು, ನಮ್ಮ ಕಡೆಯವರಿಗೆ ಬಹಳ ಮುಖ್ಯ. ಗ್ಯಾಸ್ ಹಾಕಿಸಿಕೊಂಡವರು ವಿಮಾನ ಹತ್ತುವ ಹಾಗಿಲ್ಲ. 2023ರಲ್ಲಿ ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಆದಮೇಲೆ ಇದನ್ನು ಜೋರಾಗಿ ಹೇಳಬೇಕಾಗಿದೆ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಣ್ಣೊಳಗಿನ ಗ್ಯಾಸಿನ ಗುಳ್ಳೆ ಉಬ್ಬುತ್ತದೆ. ವಿಮಾನ ಮಾತ್ರ ಅಲ್ಲ, ಘಾಟಿಯೂ ಅಷ್ಟೇ. ಮಾವ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ನಾಲ್ಕನೇ ದಿನ ರಾತ್ರಿ ಬಸ್ಸಿಗೆ ಘಾಟಿ ಹತ್ತಿ ಬಂದರು. ಸಮುದ್ರದ ಮಟ್ಟದಿಂದ ಆರೇಳು ನೂರು ಮೀಟರ್ ಮೇಲಕ್ಕೆ. ಯಾವ ಊರಿಗೆ ಹೋಗುತ್ತೀರಿ ಅಂತ ಅಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಕಣ್ಣು ಸಿಡಿಯುವಂಥ ನೋವು, ವಾಂತಿ. ಕಣ್ಣಿನ ಒತ್ತಡ ಏರಿತ್ತು. ಔಷಧಿ ಕೊಟ್ಟು ಇಳಿಸಿದರು. ಬೆಂಗಳೂರಿನಿಂದ ದಾವಣಗೆರೆಗೆ ಬರುವವರು ಇಳಿಯುತ್ತಾ ಬರುತ್ತಾರೆ, ಅವರಿಗೆ ಈ ಭಯ ಇಲ್ಲ. ಮಂಗಳೂರು, ಮಣಿಪಾಲದ ಕಡೆ ಹೋದವರು ಮಾತ್ರ ಯಾವಾಗ ಘಾಟಿ ಹತ್ತಬಹುದು ಅಂತ ಕೇಳಿಯೇ ಹೊರಡಿ. ಗುಳ್ಳೆ ಕರಗುವ ತನಕ ಮುಳ್ಳಯ್ಯನಗಿರಿಯ ಹೆಸರೂ ಬೇಡ, ಅದು ಸುಮಾರು 1,930 ಮೀಟರ್ ಎತ್ತರ.

ಹಂತ 2: ಸಿಂಬಿ ಮಾಡಿಟ್ಟುಕೊಳ್ಳಿ

ನಡುವೆ ತೂತಿರುವ ಸ್ಪಂಜಿನ ದಿಂಬು ಆನ್‌ಲೈನಿನಲ್ಲಿ ಸಿಗುತ್ತದೆ. ನಾವೂ ತರಿಸಿದ್ದೆವು. ಎರಡನೇ ರಾತ್ರಿಗೇ ಚಪ್ಪಟೆಯಾಗಿ, ಕಣ್ಣು ಕಾಯಲು ಮೇಲೆ ಹಾಕಿದ ಮುಚ್ಚಳಕ್ಕೆ, ಅಂದರೆ ಶೀಲ್ಡಿಗೆ, ತಗಲತೊಡಗಿತು. ಪ್ರಯಾಣದಲ್ಲಿ ಕುತ್ತಿಗೆಗೆ ಹಾಕುವ ದಿಂಬೂ ಇದಕ್ಕೆ ಆಗುವುದಿಲ್ಲ, ಬೇಡ.

ಅಮ್ಮ ಮಾಡಿಕೊಟ್ಟಿದ್ದು ಸಿಂಬಿ. ಕೊಡ ಹೊರುವಾಗ ತಲೆ ಮೇಲೆ ಇಡುತ್ತಿದ್ದರಲ್ಲ, ಅದೇ. ಎರಡು ಹಳೆಯ ನೂಲಿನ ಸೀರೆ ಬೇಕು. ಹೊಸೆದು, ಊಟದ ತಟ್ಟೆಯ ಅಗಲಕ್ಕೆ ಗಟ್ಟಿಯಾಗಿ ಸುತ್ತಿ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರ ಇರಲಿ. ಗದ್ದದ ಕಡೆ ಉಸಿರಾಟಕ್ಕೆ ಜಾಗ ಬಿಡಿ. ಹಣೆ ಮತ್ತು ಕೆನ್ನೆಯ ಹೊರ ಅಂಚು ಮಾತ್ರ ಅದರ ಮೇಲೆ ಕೂರಬೇಕು. ಕಣ್ಣಿಗೆ, ಶೀಲ್ಡಿಗೆ ಬಟ್ಟೆ ಸೋಕಲೇಬಾರದು. ಎರಡು ಮಾಡಿ, ಒಂದು ಒಗೆಯಲು ಹಾಕಿದಾಗ ಇನ್ನೊಂದು. ದುಡ್ಡು ಕೊಟ್ಟು ತರುವ ಯಾವ ದಿಂಬಿಗಿಂತಲೂ ನಾನು ಇದನ್ನೇ ಹೇಳುತ್ತೇನೆ.

ಹಂತ 3: ಬೋರಲು ಇರುವುದು

ನೀರು ತುಂಬಿದ ಬಾಟಲಿಯಲ್ಲಿ ಒಂದು ಗುಳ್ಳೆ ಇದೆ ಅಂದುಕೊಳ್ಳಿ. ಬಾಟಲಿ ಹೇಗೆ ತಿರುಗಿಸಿದರೂ ಗುಳ್ಳೆ ಮೇಲಕ್ಕೇ ಬರುತ್ತದೆ. ಕಣ್ಣಲ್ಲೂ ಹಾಗೇ. ಮುಖ ನೆಲ ನೋಡಿದಾಗ ಕಣ್ಣಿನ ಹಿಂಭಾಗ ಮೇಲಾಗುತ್ತದೆ, ಗುಳ್ಳೆ ಹೋಗಿ ಪರದೆಯನ್ನು ಒತ್ತುತ್ತದೆ. ಅಂಗಾತ ಮಲಗಿದರೆ ಗುಳ್ಳೆ ಮುಂದಕ್ಕೆ ಬಂದು ಲೆನ್ಸಿಗೆ ತಾಗುತ್ತದೆ. ಪೊರೆ ಬೇಗ ಬರಬಹುದು, ಒತ್ತಡ ಏರಬಹುದು. ಆದ್ದರಿಂದ ಗುಳ್ಳೆ ಇರುವ ತನಕ ಅಂಗಾತ ಮಲಗಬಾರದು. ಬೋರಲು ಇರಬೇಕಾದ ದಿನ ಮುಗಿದರೂ ಈ ನಿಯಮ ಮುಗಿಯುವುದಿಲ್ಲ.

ಸರಿಯಾಗಿದೆಯೇ ಅಂತ ತಿಳಿಯಲು ಮೂಗು ನೋಡಿ. ಮೂಗಿನ ತುದಿ ನೇರ ನೆಲಕ್ಕೆ ಇರಬೇಕು. ಗೋಡೆಗೆ, ಮಂಚದ ಕಾಲಿಗೆ ತಿರುಗಿದ್ದರೆ ತಪ್ಪು.

ಒಂದು ಗಂಟೆಯಲ್ಲಿ ಐವತ್ತು ನಿಮಿಷ ಹೀಗಿರಬೇಕು. ಉಳಿದ ಹತ್ತು ನಿಮಿಷ ಊಟ, ಡ್ರಾಪ್ಸ್, ಬಚ್ಚಲಿಗೆ. ರಾತ್ರಿಯೂ ಲೆಕ್ಕಕ್ಕಿದೆ. ಒಂದೇ ಭಂಗಿಯಲ್ಲಿ ಯಾರಿಗೂ ಆಗುವುದಿಲ್ಲ, ಹಾಗಾಗಿ ಮೂರು ಜಾಗ ಮಾಡಿಟ್ಟುಕೊಳ್ಳಿ.

ಮೊದಲನೆಯದು ಮಂಚ. ತುದಿಯಲ್ಲಿ ಸಿಂಬಿ ಇಡಿ. ಎದೆಯ ಕೆಳಗೆ ಒಂದು ಗಟ್ಟಿ ದಿಂಬು, ಮೊಣಕಾಲಿನಿಂದ ಕೆಳಗೆ ಇನ್ನೊಂದು. ಎದೆಯ ದಿಂಬು ಇಲ್ಲದಿದ್ದರೆ ಕುತ್ತಿಗೆ ಅರ್ಧ ಗಂಟೆಯೂ ತಡೆಯುವುದಿಲ್ಲ. ಎರಡನೆಯದು ಮೇಜು. ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ದಿಂಬು ಪೇರಿಸಿ, ಮೇಲೆ ಸಿಂಬಿ. ಮೊಣಕೈ ಕೆಳಗೆ ಮಡಿಸಿದ ಟವೆಲ್ ಹಾಕಿ. ಅಪ್ಪನಿಗೆ ಅದಿಲ್ಲದೆ ಕಿರುಬೆರಳು ಜೋಮು ಹಿಡಿದು ವಾರಗಟ್ಟಲೆ ಕಾಡಿತು. ಮೂರನೆಯದು ನಡಿಗೆ. ಗದ್ದ ಎದೆಗೆ ತಾಗಿಸಿ, ಕಾಲಿನ ಬೆರಳು ನೋಡುತ್ತಾ, ಇನ್ನೊಬ್ಬರ ಕೈ ಹಿಡಿದು ಅಂಗಳದಲ್ಲಿ ಓಡಾಡಿ. ಮಲಗಿದ್ದಾಗಲೂ ಪಾದ ಆಡಿಸುತ್ತಿರಿ, ರಕ್ತ ಹೆಪ್ಪುಗಟ್ಟಬಾರದು.

ಊಟಕ್ಕೆ ಚಾಪೆಯೇ ಸರಿ. ತಟ್ಟೆ ನೆಲಕ್ಕಿಟ್ಟರೆ ಮುಖ ತಾನಾಗಿ ಬಗ್ಗುತ್ತದೆ. ಮುದ್ದೆ, ರೊಟ್ಟಿ, ಅನ್ನ ಎಲ್ಲ ಸಲೀಸು. ತೊಂದರೆ ಕೊಡುವುದು ಲೋಟ. ಚಹಾ, ಮಜ್ಜಿಗೆಯ ಕೊನೆಯ ಗುಟುಕಿಗೆ ತಲೆ ಹಿಂದಕ್ಕೆ ಹೋಗುತ್ತದೆ. ಸ್ಟ್ರಾ ಹಾಕಿ.

ಎಲ್ಲಕ್ಕಿಂತ ಕಷ್ಟ ನೋಡಲು ಬರುವವರದು. ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಸಾಕು, ಅಪ್ಪ ತಲೆ ಎತ್ತಿ "ಬರ್ರಿ, ಕೂತ್ಕಳ್ರಿ" ಅನ್ನುತ್ತಿದ್ದರು. ಹಿರಿಯರು, ಬಂದವರನ್ನು ಮುಖ ನೋಡಿ ಮಾತಾಡಿಸದೆ ಇರುವುದು ಅವರಿಗೆ ಆಗದ ಮಾತು. ಒಂದೇ ದಿನ ಹನ್ನೊಂದು ಜನ ಬಂದಿದ್ದರು. ಕೊನೆಗೆ ಮಂಚದ ಪಕ್ಕ ಕೆಳಗೆ ಚಾಪೆ ಹಾಸಿ, ಬಂದವರನ್ನೆಲ್ಲ ಅಲ್ಲೇ ಕೂರಿಸಿದೆವು. ಅಪ್ಪ ಬಗ್ಗಿಕೊಂಡೇ ಅವರ ಮುಖ ನೋಡುವ ಹಾಗಾಯಿತು. ನೀವು ಮೊದಲ ದಿನವೇ ಚಾಪೆ ಹಾಸಿಬಿಡಿ.

ನಾಲ್ಕನೇ ದಿನ ಅಪ್ಪ ಸಾಕಾಗಿ ಅತ್ತರು. ಆಗ ಅವರಿಗೆ ಹಳೆಯ ಕಥೆ ಹೇಳಿದೆ. ತೂತು ಮುಚ್ಚಿದರೆ ಪರದೆ ಕೂರುತ್ತದೆ ಅಂತ 1920ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಡಾಕ್ಟರ್ ಜೂಲ್ ಗೊನಾನ್. ಅದಕ್ಕೂ ಮುಂಚೆ ಈ ಕಾಯಿಲೆ ಬಂದವರಿಗೆ ಕಣ್ಣು ಹೋಯಿತು ಅಂತಲೇ ಲೆಕ್ಕ. ಆಮೇಲೂ ಎಷ್ಟೋ ಕಾಲ ರೋಗಿಗಳನ್ನು ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ವಾರಗಟ್ಟಲೆ ಅಲ್ಲಾಡದಂತೆ ಮಲಗಿಸುತ್ತಿದ್ದರು. ಅಪ್ಪ ಸುಮ್ನೆ ಕೇಳಿಸಿಕೊಂಡು ಮತ್ತೆ ಸಿಂಬಿಗೆ ಹಣೆ ಕೊಟ್ಟರು.

ಉಸಿರಾಟದ ತೊಂದರೆ, ಹೃದಯದ ಕಾಯಿಲೆ ಇದ್ದವರು ಹಟ ಮಾಡಿ ಬೋರಲು ಇರಬೇಡಿ. ಡಾಕ್ಟರಿಗೆ ಹೇಳಿದರೆ ಬೇರೆ ಭಂಗಿ ತೋರಿಸುತ್ತಾರೆ.

ಹಂತ 4: ಡ್ರಾಪ್ಸ್

ಕೈ ತೊಳೆಯಿರಿ. ಕೆಳ ರೆಪ್ಪೆ ಎಳೆದು ಒಂದೇ ಹನಿ. ಎರಡು ಬಾಟಲಿಗಳ ನಡುವೆ ಐದು ನಿಮಿಷ ಬಿಡಿ. ಸ್ಟೀರಾಯ್ಡ್ ಡ್ರಾಪ್ಸ್ ವಾರವಾರ ಇಳಿಸುತ್ತಾ ಬರಬೇಕು, ಒಮ್ಮೆಲೇ ನಿಲ್ಲಿಸಬಾರದು. ಕೆಂಪಗಾಯಿತು ಅಂತ ಅದೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ತರಲೂಬಾರದು. ಅದು ಕೆಲವರ ಕಣ್ಣಿನ ಒತ್ತಡ ಏರಿಸುತ್ತದೆ.

ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಯಾವುದೂ ಕಣ್ಣಿಗೆ ಬೇಡ. ಪ್ರೀತಿಯಿಂದ ತಂದುಕೊಡುತ್ತಾರೆ, ಗೊತ್ತು. ಆದರೂ ಬೇಡ. ಕತ್ತರಿಸಿದ ಕಣ್ಣಿಗೆ ಸೋಂಕು ಹೊಕ್ಕರೆ ಆಪರೇಷನ್ ಮಾಡಿದ್ದೆಲ್ಲ ನೀರು ಪಾಲು.

ತಲೆಸ್ನಾನ, ಭಾರ ಎತ್ತುವುದು, ಗಾಡಿ ಓಡಿಸುವುದು ಡಾಕ್ಟರು ಹೇಳುವ ತನಕ ಇಲ್ಲ. ಮೆಕ್ಕೆಜೋಳದ ಒಕ್ಕಣೆ, ಮಂಡಕ್ಕಿ ಭಟ್ಟಿಯ ಹೊಗೆ, ಎರಡರಿಂದಲೂ ದೂರ ಇರಿ.

ಬೇರೆ ಯಾವುದಾದರೂ ಆಪರೇಷನ್ನಿಗೋ ಹಲ್ಲಿಗೋ ಅರಿವಳಿಕೆ ಕೊಡುವುದಿದ್ದರೆ "ಕಣ್ಣಲ್ಲಿ ಗ್ಯಾಸ್ ಇದೆ" ಅಂತ ಮೊದಲೇ ಹೇಳಿ. ನೈಟ್ರಸ್ ಆಕ್ಸೈಡ್ ಕೊಟ್ಟರೆ ಗುಳ್ಳೆ ಉಬ್ಬಿ ಕಣ್ಣೇ ಹೋಗಬಹುದು.

ಹಂತ 5: ಏನು ಕಾಣುತ್ತದೆ, ಯಾವಾಗ

ಪಟ್ಟಿ ಬಿಚ್ಚಿದ ದಿನ ಏನೂ ಕಾಣುವುದಿಲ್ಲ. ಕೈ ಆಡಿಸಿದರೆ ಮಸುಕಾಗಿ ಗೊತ್ತಾಗಬಹುದು, ಅಷ್ಟೇ. ಪಕ್ಕದ ಮನೆಯ ಅಕ್ಕ ಅವತ್ತೇ ಎದೆ ಒಡೆದುಕೊಂಡರು. ಗ್ಯಾಸ್ ಒಳಗಿಂದ ನೋಡಿದರೆ ಯಾರಿಗೂ ಹಾಗೇ ಇರುತ್ತದೆ.

ಗುಳ್ಳೆ ಕರಗುತ್ತಾ ಬಂದಂತೆ ಮೇಲಿನಿಂದ ಬೆಳಕು ಇಳಿಯುತ್ತದೆ. ಗಾರೆ ಕೆಲಸದವರ ರಸಮಟ್ಟದ ಹಾಗೆ ಒಂದು ಗೆರೆ ಅಡ್ಡಕ್ಕೆ ತುಯ್ದಾಡುತ್ತದೆ. ಗೆರೆಯ ಮೇಲೆ ತಿಳಿ, ಕೆಳಗೆ ಮಸುಕು. ಗೆರೆ ದಿನದಿನಕ್ಕೆ ಇಳಿಯುತ್ತದೆ. ಕೊನೆಗೆ ಕೆಳಗಡೆ ಒಂದು ದುಂಡನೆಯ ಗುಳ್ಳೆ, ಕೆಲವೊಮ್ಮೆ ಒಡೆದು ಎರಡು ಮೂರು. ಒಂದು ಬೆಳಿಗ್ಗೆ ಅದೂ ಇರುವುದಿಲ್ಲ.

ನಿಜವಾದ ಚೇತರಿಕೆ ಶುರುವಾಗುವುದು ಅಲ್ಲಿಂದ. ಓದಲು, ಮುಖ ಗುರುತಿಸಲು ಬೇಕಾದದ್ದು ಪರದೆಯ ನಡುಭಾಗ. ಅದು ಕಳಚುವ ಮೊದಲೇ ಆಪರೇಷನ್ ಆಗಿದ್ದರೆ ದೃಷ್ಟಿ ಹೆಚ್ಚುಕಡಿಮೆ ಮೊದಲಿನಂತೆ ಬರುವ ಸಾಧ್ಯತೆ ಜಾಸ್ತಿ. ಅದೂ ಕಳಚಿದ್ದರೆ ನಿಧಾನ, ಪೂರ್ತಿ ಬಾರದೆಯೂ ಇರಬಹುದು. ಕಿಟಕಿಯ ಸರಳು ಸೊಟ್ಟ ಕಾಣುವುದು, ಬಣ್ಣ ಮಂಕಾಗುವುದು, ಅಕ್ಷರ ಚಿಕ್ಕದಾಗಿ ಕಾಣುವುದು, ಇವೆಲ್ಲ ತಿಂಗಳುಗಟ್ಟಲೆ ಇರುತ್ತವೆ. ಮೂರರಿಂದ ಆರು ತಿಂಗಳಲ್ಲಿ ಬಹಳಷ್ಟು ಸುಧಾರಿಸುತ್ತದೆ, ವರ್ಷದ ನಂತರವೂ ಸ್ವಲ್ಪಸ್ವಲ್ಪ ಬರುವುದುಂಟು. ಕಣ್ಣಿನ ವ್ಯಾಯಾಮದಿಂದ, ಕ್ಯಾರೆಟ್ ರಸದಿಂದ ಇದು ಬೇಗ ಆಗುವುದಿಲ್ಲ.

ಹೊಸ ಕನ್ನಡಕಕ್ಕೆ ಎರಡು ಮೂರು ತಿಂಗಳು ಕಾಯಿರಿ. ಮೊದಲೇ ಮಾಡಿಸಿದರೆ ಪವರ್ ಬದಲಾಗಿ ದುಡ್ಡು ಹಾಳು. ಬೆಲ್ಟ್ ಕಟ್ಟಿದವರಿಗೆ ದೂರದ್ದು ಮಸುಕಾಗುವುದು ಸಾಮಾನ್ಯ. ಗ್ಯಾಸ್ ಇಲ್ಲವೇ ಎಣ್ಣೆ ಹಾಕಿಸಿಕೊಂಡವರಲ್ಲಿ ಐವತ್ತು ದಾಟಿದ ಹೆಚ್ಚಿನವರಿಗೆ ವರ್ಷ ಎರಡು ವರ್ಷದಲ್ಲಿ ಪೊರೆ ಬರುತ್ತದೆ. ಚೆನ್ನಾಗಿ ಬಂದಿದ್ದ ದೃಷ್ಟಿ ನಿಧಾನವಾಗಿ ಮಂಜಾದರೆ ಹೆಚ್ಚಾಗಿ ಅದೇ ಕಾರಣ.

ಆದರೆ ಈ ಲಕ್ಷಣಗಳಿಗೆ ಕಾಯಬೇಡಿ, ಅವತ್ತೇ ಹೊರಡಿ: ಏರುತ್ತಲೇ ಇರುವ ನೋವು, ತಲೆನೋವಿನ ಜೊತೆ ವಾಂತಿ, ಕೀವು, ಹೊಸದಾಗಿ ಮಿಂಚು, ಕಪ್ಪು ಚುಕ್ಕೆಗಳ ಸುರಿಮಳೆ, ಒಂದು ಕಡೆಯಿಂದ ಪರದೆ ಎಳೆದಂತೆ ನೆರಳು. ನೂರು ಜನರಲ್ಲಿ ಹತ್ತು ಹದಿನೈದು ಮಂದಿಗೆ ಮತ್ತೆ ಆಪರೇಷನ್ ಬೇಕಾಗುತ್ತದೆ. ಮೊದಲ ಎರಡು ಮೂರು ತಿಂಗಳು ಹೆಚ್ಚು ಎಚ್ಚರ ಬೇಕು.

ದಿನಾ ಕಣ್ಣು ಪರೀಕ್ಷೆ ಮಾಡಿಕೊಳ್ಳಬೇಡಿ, ಮನಸ್ಸು ಕುಗ್ಗುತ್ತದೆ. ಭಾನುವಾರಕ್ಕೊಮ್ಮೆ ಸಾಕು. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ನಿಂತು, ಚೆನ್ನಾಗಿರುವ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಎಷ್ಟು ಕಂಡಿತು ಅಂತ ಅದರ ಮೇಲೇ ಬರೆಯಿರಿ. ಚೆಕಪ್ಪಿಗೆ ಹೋಗುವಾಗ ಕ್ಯಾಲೆಂಡರನ್ನೂ ಒಯ್ಯಿರಿ. ಅಪ್ಪನಿಗೆ ಎರಡನೇ ತಿಂಗಳು ತೇದಿಯ ದಪ್ಪ ಅಂಕಿ ಕಂಡಿತು. ಅದರ ಕೆಳಗಿನ ರಾಹುಕಾಲದ ಸಣ್ಣ ಅಕ್ಷರ ಓದಲು ಏಳನೇ ತಿಂಗಳಾಯಿತು.

ಹಾಗೆ ಚೆಕಪ್ಪಿಗೆ ಹೋದಾಗ ಇನ್ನೊಂದು ಕಣ್ಣಿಗೂ ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿಸಿ ತೋರಿಸಿ. ಒಂದು ಕಣ್ಣಲ್ಲಿ ಆದವರಿಗೆ ಇನ್ನೊಂದರಲ್ಲೂ ಆಗುವ ಅಪಾಯ ಜಾಸ್ತಿ. ಅಪ್ಪನ ಬಲಗಣ್ಣಲ್ಲಿ ಒಂದು ಸಣ್ಣ ತೂತು ಸಿಕ್ಕಿದ್ದು ಹಾಗೆಯೇ. ಪರದೆ ಇನ್ನೂ ಎದ್ದಿರಲಿಲ್ಲ. ಹತ್ತು ಹದಿನೈದು ನಿಮಿಷದ ಲೇಸರ್ ಹಾಕಿಸಿಕೊಂಡು ಅವತ್ತು ಸಂಜೆಯೇ ಮನೆಗೆ ಬಂದರು.